ಬಾವಿಯ ಮೇಲಿನ ಮೊಬೈಲ್ ಸ್ಟಾರ್ಟರು: ಸಿಗ್ನಲ್ ಅಳೆಯುವುದು, ಪೆಟ್ಟಿಗೆ ಹೊಂದಿಸುವುದು



ನಮ್ಮ ಕಾರಖಾನೆಯ ಕಾರ್ಯಕ್ಷೇತ್ರದಲ್ಲಿ ಬಾವಿ ಮತ್ತು ಬೋರುಗಳ ಮೇಲೆ ಮೊಬೈಲ್ ಸ್ಟಾರ್ಟರು ಕೂಡಿಸಿಕೊಂಡ ಸಭಾಸದರು ಈಗ ಬಹಳ ಜನ ಇದ್ದಾರೆ. ಮನೆಯಲ್ಲಿ ಕುಳಿತು ಫೋನು ಮಾಡಿದರೆ ಮೋಟಾರು ಚಾಲೂ, ಇನ್ನೊಮ್ಮೆ ಮಾಡಿದರೆ ಬಂದ್. ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ನಡುರಾತ್ರಿ ಎದ್ದು, ಬ್ಯಾಟರಿ ಹಿಡಿದುಕೊಂಡು ಕಬ್ಬಿನ ಬದುವಿನ ಮೇಲೆ ಹೋಗುವವರಿಗೆ ಹಾವು, ಹಸಿ ನೆಲ, ಹರಿದುಬಿದ್ದ ತಂತಿ ಈ ಮೂರರ ಭಯ ಎಂಥದೆಂದು ಬೇರೆಯವರು ಹೇಳಬೇಕಾಗಿಲ್ಲ. ಹಗಲು ಹೊತ್ತಿನಲ್ಲಿ ವಿದ್ಯುತ್ತು ಕೊಡುವ ಸಲುವಾಗಿ ಮಹಾರಾಷ್ಟ್ರ ಸರಕಾರವು 2017ರಲ್ಲಿ ಆರಂಭಿಸಿದ ಸೌರ ಕೃಷಿ ವಾಹಿನಿ ಯೋಜನೆಯು ಯಾವ ಫೀಡರಿಗೆ ಮುಟ್ಟಿದೆಯೋ ಅಲ್ಲಿಯವರಿಗೆ ಈ ತ್ರಾಸು ಕಡಿಮೆ. ಮಿಕ್ಕವರಿಗೆ ಈ ಪೆಟ್ಟಿಗೆ ದೊಡ್ಡ ಉಪಕಾರಿಯೇ ಸರಿ.

ಆದರೆ ಇವುಗಳ ಬಗ್ಗೆ ಗಟ ಕಚೇರಿಗೆ ಬರುವ ತಕ್ರಾರುಗಳೂ ಕಡಿಮೆ ಇಲ್ಲ. “ಹಗಲು ನಡೆಯುತ್ತದೆ, ರಾತ್ರಿ ನಡೆಯುವುದಿಲ್ಲ.” “ಚಾಲೂ ಆಯಿತು, ಬಂದ್ ಆಗಲೊಲ್ಲದು.” “ಜೂನಿನಲ್ಲಿ ಸರಿ ಇತ್ತು, ದೀಪಾವಳಿಗೆ ಕೆಟ್ಟಿತು.” ಅಂಗಡಿಗೆ ಒಯ್ದು ತೋರಿಸಿದರೆ ಅಲ್ಲಿ ಮೇಜಿನ ಮೇಲೆ ಅದು ಸರಿಯಾಗಿಯೇ ನಡೆಯುತ್ತದೆ, ಹೊಲಕ್ಕೆ ತಂದರೆ ಮತ್ತೆ ಹಳೆಯ ಕತೆ. ಕಾರಣವೇನೆಂದರೆ ದೋಷವು ಬಹುತೇಕ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಅದನ್ನು ಕೂಡಿಸಿದ ಜಾಗದಲ್ಲಿ ಮತ್ತು ಹೊಂದಿಸಿದ ರೀತಿಯಲ್ಲಿ ಇರುತ್ತದೆ. ಅಂಗಡಿಯವರು ಪೆಟ್ಟಿಗೆಯ ಬಣ್ಣ ತೋರಿಸುತ್ತಾರೆ, ಗ್ಯಾರಂಟಿ ಕಾರ್ಡು ಕೊಡುತ್ತಾರೆ. ಬಾವಿಯ ಹತ್ತಿರ ಬಂದು ಸಿಗ್ನಲ್ ಅಳೆದು ಕೊಡುವವರು ವಿರಳ. ಆ ಕೆಲಸ ತಾವೇ ಮಾಡಿಕೊಳ್ಳುವಷ್ಟು ಸುಲಭವಿದೆ.

ಮೊದಲು ಒಂದು ಮಾತನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಪೆಟ್ಟಿಗೆಯ ಒಳಗೆ ಇರುವುದು ಸಿಮ್ ಹಾಕಿದ ಒಂದು ಸಣ್ಣ ಫೋನೇ. ಪರದೆ ಇಲ್ಲ, ಅಷ್ಟೇ ಭೇದ. ತಾವು ಕರೆ ಮಾಡಿದಾಗ ಅದು ಟಾವರಿನಿಂದ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯು ಸ್ಟಾರ್ಟರಿನ ಕಾಯಿಲ್ಲಿಗೆ ವಿದ್ಯುತ್ತು ಕೊಡುತ್ತದೆ, ಮೋಟಾರು ಎಳೆಯುವ ಕರಂಟನ್ನು ಅಳೆದು ತಮಗೆ ಉತ್ತರ ಕಳಿಸುತ್ತದೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಟಾವರು ಹತ್ತಾರು ವ್ಯಾಟ್ ಶಕ್ತಿಯಿಂದ ಮಾತಾಡುತ್ತದೆ. 2ಜಿ ಪೆಟ್ಟಿಗೆಯು 900 ಮೆಗಾಹರ್ಟ್ಸಿನಲ್ಲಿ ಹೆಚ್ಚೆಂದರೆ 2 ವ್ಯಾಟ್, 4ಜಿ ಪೆಟ್ಟಿಗೆಯು ಅದರ ಹತ್ತನೆಯ ಒಂದು ಪಾಲು, ಅಂದರೆ 0.2 ವ್ಯಾಟ್ ಶಕ್ತಿಯಿಂದ ಮಾತಾಡುತ್ತದೆ. ಆದ್ದರಿಂದ ಟಾವರಿನ ದನಿ ಪೆಟ್ಟಿಗೆಗೆ ಕೇಳಿಸಿದ ಮಾತ್ರಕ್ಕೆ ಪೆಟ್ಟಿಗೆಯ ದನಿ ಟಾವರಿಗೆ ಕೇಳಿಸಿತೆಂದು ತಿಳಿಯಲಾಗದು. ಉತ್ತರ ಬಂದರೆ ಮಾತ್ರ ಕೆಲಸ ಆಯಿತೆಂದು ಲೆಕ್ಕ, ರಿಂಗಾದದ್ದು ಲೆಕ್ಕಕ್ಕಿಲ್ಲ.

ಕಡ್ಡಿ ಎಣಿಸಬೇಡಿರಿ, ಅಂಕಿ ನೋಡಿರಿ

ಫೋನಿನ ಮೇಲೆ ಕಾಣುವ ನಾಲ್ಕು ಕಡ್ಡಿಗಳನ್ನು ನೋಡಿ ಸಿಗ್ನಲ್ ಅಳೆಯುವುದು ಕಬ್ಬಿನ ಗಣಿಕೆ ನೋಡಿ ಇಳುವರಿ ಹೇಳಿದಂತೆ. ಒಂದು ಕಂಪನಿಯ ಫೋನಿನಲ್ಲಿ ಮೂರು ಕಡ್ಡಿ ತೋರಿಸುವ ಜಾಗದಲ್ಲಿ ಇನ್ನೊಂದು ಕಂಪನಿಯ ಫೋನು ಎರಡನ್ನೇ ತೋರಿಸಬಹುದು. ನಿಜವಾದ ಅಳತೆಗೆ ಡಿ.ಬಿ.ಎಂ. ಎಂದು ಹೆಸರು. ಒಂದು ಮಿಲಿವ್ಯಾಟ್ ಶಕ್ತಿಯನ್ನು ಸೊನ್ನೆ ಎಂದು ಹಿಡಿದು, ಅದಕ್ಕಿಂತ ಎಷ್ಟು ಕಡಿಮೆ ಎಂಬುದನ್ನು ಋಣ ಚಿಹ್ನೆ ಹಾಕಿ ಬರೆಯುತ್ತಾರೆ. ಆಂಟೆನಾಕ್ಕೆ ಮುಟ್ಟುವ ಶಕ್ತಿ ಒಂದು ಮಿಲಿವ್ಯಾಟಿಗಿಂತ ಬಹಳ ಕಡಿಮೆ ಇರುವುದರಿಂದ ಬರುವ ಅಂಕಿಗಳೆಲ್ಲ ಋಣವೇ.

ಇಲ್ಲಿಯೇ ಅನೇಕರು ಎಡವುತ್ತಾರೆ. ಋಣ 70 ಮತ್ತು ಋಣ 100 ಇವುಗಳಲ್ಲಿ ಯಾವುದು ಒಳ್ಳೆಯದು? ಸೊಸಾಯಟಿಯ ಖಾತೆ ನೆನೆಸಿಕೊಳ್ಳಿರಿ. 70 ರೂಪಾಯಿ ಸಾಲ ಇದ್ದವನು 100 ರೂಪಾಯಿ ಸಾಲ ಇದ್ದವನಿಗಿಂತ ಮೇಲು. ಹಾಗೆಯೇ ಋಣ 70 ಒಳ್ಳೆಯ ಸಿಗ್ನಲ್, ಋಣ 100 ಬಡ ಸಿಗ್ನಲ್. ಅಂಕಿಗಳ ಅಂತರ ಕಡಿಮೆ ಎಂದು ತೋರಿದರೂ ಅದರ ಅರ್ಥ ದೊಡ್ಡದು. ಮೂರು ಅಂಕಿ ಇಳಿದರೆ ಶಕ್ತಿ ಅರ್ಧವಾಯಿತು. ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಇಪ್ಪತ್ತು ಇಳಿದರೆ ನೂರರಲ್ಲಿ ಒಂದು. ಋಣ 70ರಿಂದ ಋಣ 100ಕ್ಕೆ ಬಂದಾಗ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ.

ಪೆಟ್ಟಿಗೆಗಳಲ್ಲಿ ಹಲವು ತಮ್ಮ ಸಿಗ್ನಲನ್ನು ಎಸ್ಸೆಮ್ಮೆಸ್ ಮೂಲಕ ತಾವೇ ತಿಳಿಸುತ್ತವೆ. ಸ್ಥಿತಿ ಕೇಳುವ ಸಂದೇಶ ಯಾವುದೆಂದು ಜೊತೆಗೆ ಬಂದ ಪುಸ್ತಿಕೆಯಲ್ಲಿ ಇರುತ್ತದೆ. ಉತ್ತರದಲ್ಲಿ 0ಯಿಂದ 31ರ ಒಳಗಿನ ಒಂದು ಅಂಕಿ ಬಂದರೆ ಅದನ್ನು ಎರಡುಪಟ್ಟು ಮಾಡಿ 113ರಿಂದ ಕಳೆಯಿರಿ. ಉಳಿದದ್ದು ಸಾಲದ ಮೊತ್ತ. ಉದಾಹರಣೆಗೆ 12 ಬಂದರೆ 24 ಆಯಿತು, 113ರಲ್ಲಿ 24 ಹೋದರೆ 89, ಅಂದರೆ ಋಣ 89. 20 ಬಂದರೆ ಋಣ 73. ಇಲ್ಲಿ ಮಾತ್ರ ಅಂಕಿ ಹೆಚ್ಚಾದಷ್ಟೂ ಒಳ್ಳೆಯದು. 99 ಎಂದು ಬಂದರೆ ಸಿಗ್ನಲ್ ತುಂಬಿ ತುಳುಕುತ್ತಿದೆ ಎಂದಲ್ಲ, ಪೆಟ್ಟಿಗೆಗೆ ಏನೂ ಕಾಣುತ್ತಿಲ್ಲ ಎಂದು ಅರ್ಥ. ಈ ಅಂಕಿ 15ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. 10ರಿಂದ 14ರ ವರೆಗೆ ಇದ್ದರೆ ನಡೆಯುತ್ತದೆ, ಆದರೆ ಬೆಳೆ ಎದ್ದಾಗ ಕೈಕೊಡಬಹುದು. 10ಕ್ಕಿಂತ ಕೆಳಗಿದ್ದರೆ ಆಂಟೆನಾ ಬದಲಾಯಿಸದೆ ಅದರ ಮೇಲೆ ಭರವಸೆ ಇಡಬೇಡಿರಿ.

ಪೆಟ್ಟಿಗೆ ಕೊಳ್ಳುವ ಮೊದಲೇ ಅಳೆಯಬೇಕೆಂದರೆ ತಮ್ಮ ಆಂಡ್ರಾಯ್ಡ್ ಫೋನೇ ಸಾಕು. ಸೆಟ್ಟಿಂಗ್ಸಿನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಎಂಬಲ್ಲಿ ಸಿಗ್ನಲ್ ಸ್ಟ್ರೆಂತ್ ಎಂದು ಡಿ.ಬಿ.ಎಂ. ಅಂಕಿ ಕಾಣುತ್ತದೆ, ಕೆಲವು ಫೋನುಗಳಲ್ಲಿ ಹೆಸರುಗಳು ಸ್ವಲ್ಪ ಬೇರೆ ಇರುತ್ತವೆ. ಎರಡು ಎಚ್ಚರಿಕೆ ಬೇಕು. ಪೆಟ್ಟಿಗೆಗೆ ಯಾವ ಕಂಪನಿಯ ಸಿಮ್ ಹಾಕುತ್ತೀರೋ ಅದೇ ಕಂಪನಿಯ ಸಿಮ್ ಫೋನಿನಲ್ಲಿ ಇರಬೇಕು. ಮತ್ತು ಪೆಟ್ಟಿಗೆ 2ಜಿಯದಾಗಿದ್ದರೆ ಫೋನನ್ನೂ 2ಜಿಗೆ ಇಟ್ಟು ಅಳೆಯಬೇಕು. ಯಾಕೆಂದರೆ 4ಜಿಯಲ್ಲಿ ಫೋನು ತೋರಿಸುವ ಅಂಕಿ ಬೇರೆ ಜಾತಿಯದು. ಅದು ಒಟ್ಟು ಶಕ್ತಿಯನ್ನಲ್ಲ, ಗುರುತಿಗಾಗಿ ಟಾವರು ಕಳಿಸುವ ಒಂದು ಸಣ್ಣ ಪಟ್ಟಿಯ ಶಕ್ತಿಯನ್ನು ಮಾತ್ರ ಹೇಳುತ್ತದೆ. ಆದ್ದರಿಂದ 2ಜಿಯಲ್ಲಿ ಋಣ 100 ಅಪಾಯದ ಗೆರೆಯಾದರೆ, 4ಜಿಯಲ್ಲಿ ಋಣ 100 ಸಾಧಾರಣ ಒಳ್ಳೆಯದೇ. ಋಣ 115ರ ಕೆಳಗೆ ಹೋದಾಗ ಚಿಂತೆ ಮಾಡಬೇಕು.

ಅಳೆಯುವಾಗ ಫೋನನ್ನು ಮೈಗೆ ಅಂಟಿಸಿಕೊಳ್ಳದೆ ಕೈಚಾಚಿ ಹಿಡಿಯಿರಿ. ಪಂಪುಮನೆಯ ಒಳಗೆ ಒಮ್ಮೆ, ಹೊರಗೆ ಒಮ್ಮೆ, ಗಳಕ್ಕೆ ಕಟ್ಟಿ ಹತ್ತಡಿ ಮೇಲೆತ್ತಿ ಒಮ್ಮೆ ನೋಡಿರಿ. (ಮೇಲೆತ್ತಿದಾಗ ಅಂಕಿ ಓದುವುದು ಹೇಗೆಂದು ಒಬ್ಬ ಸಭಾಸದರು ಕೇಳಿದರು. ಅಂಕಿಯನ್ನು ತೆರೆದಿಟ್ಟು ಪರದೆಯ ವಿಡಿಯೋ ತೆಗೆಯುವ ಸೌಲಭ್ಯ ಚಾಲೂ ಮಾಡಿ ಮೇಲೆತ್ತಿರಿ, ಇಳಿಸಿದ ಮೇಲೆ ನೋಡಿರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ಅವರಿಗೆ ಇದು ಹೇಳಿಕೊಡಬೇಕಾಗಿಲ್ಲ.) ಬೆಳಿಗ್ಗೆ, ಸಂಜೆ, ರಾತ್ರಿ ಹೀಗೆ ಮೂರು ಹೊತ್ತಿನ ಅಂಕಿಗಳನ್ನು ವಹಿಯಲ್ಲಿ ಬರೆದಿಡಿರಿ.

ಜೂನಿನ ಸಿಗ್ನಲ್ ದೀಪಾವಳಿಗೆ ಯಾಕೆ ಉಳಿಯುವುದಿಲ್ಲ?

ಜನವರಿ, ಫೆಬ್ರುವರಿಯಲ್ಲಿ ಹಚ್ಚಿದ ಸುರು ಕಬ್ಬು ಜೂನಿನಲ್ಲಿ ಸೊಂಟದ ಎತ್ತರ ಇರುತ್ತದೆ. ಆಗ ಪಂಪುಮನೆಯಿಂದ ನಿಂತು ನೋಡಿದರೆ ಊರಿನ ಟಾವರು ಕಣ್ಣಿಗೇ ಕಾಣುತ್ತದೆ. ಅಕ್ಟೋಬರಿನ ಹೊತ್ತಿಗೆ ಅದೇ ಕಬ್ಬು ಆಳೆತ್ತರ ದಾಟಿ ಗೋಡೆಯಾಗಿ ನಿಲ್ಲುತ್ತದೆ. ಅಡಸಾಲಿ ಕಬ್ಬಿನದಂತೂ ಹೇಳಲೇ ಬೇಕಾಗಿಲ್ಲ, ಹದಿನಾರು ಹದಿನೆಂಟು ತಿಂಗಳು ಹೊಲದಲ್ಲಿ ನಿಲ್ಲುವ ಬೆಳೆ. ಕಬ್ಬಿನ ಎಲೆಯಲ್ಲಿ, ಗಣಿಕೆಯಲ್ಲಿ ತುಂಬಿರುವುದು ನೀರು. ರೇಡಿಯೋ ಅಲೆಯನ್ನು ನೀರು ನುಂಗುತ್ತದೆ. ಒಣ ಎಲೆಗಿಂತ ಹಸಿ ಎಲೆ ಹೆಚ್ಚು ನುಂಗುತ್ತದೆ; ಮಳೆಯಲ್ಲಿ ತೊಯ್ದು ನಿಂತ, ಇಬ್ಬನಿ ಹಿಡಿದ ಎಲೆ ಇನ್ನೂ ಹೆಚ್ಚು. ಹಗಲು ನಡೆದು ರಾತ್ರಿ ನಡೆಯದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಟಾವರಿನದೇ ಆಗಿರಬಹುದು: ಊರಿನ ವಿದ್ಯುತ್ತು ಬಹಳ ಹೊತ್ತು ಹೋದಾಗ ಟಾವರಿನ ಬ್ಯಾಟರಿಯೂ ಇಳಿಯುತ್ತದೆ, ಆಗ ಅದು ಮುಚ್ಚಿಕೊಳ್ಳುತ್ತದೆ. ಇದಕ್ಕೆ ನಮ್ಮಲ್ಲಿ ಔಷಧವಿಲ್ಲ.

ಅದರ ಮೇಲೆ ನಮ್ಮ ಬಾವಿಗಳು ಇರುವ ಜಾಗವನ್ನೂ ನೋಡಬೇಕು. ಮನೆ ದಿಬ್ಬದ ಮೇಲೆ, ಬಾವಿ ಹಳ್ಳದ ಪಕ್ಕದ ತಗ್ಗಿನಲ್ಲಿ. ನೀರು ಇದ್ದಲ್ಲಿಯೇ ಬಾವಿ ತೋಡಬೇಕಲ್ಲವೇ. ಮನೆಯ ಅಂಗಳದಲ್ಲಿ ಋಣ 75 ಇದ್ದ ಸಿಗ್ನಲ್ ತಗ್ಗಿನಲ್ಲಿ ಋಣ 95 ಇದ್ದರೆ ಆಶ್ಚರ್ಯಪಡಬೇಡಿರಿ. ಮನೆಯಲ್ಲಿ ಅಳೆದು ಬಾವಿಗೆ ಪೆಟ್ಟಿಗೆ ತಂದವರ ಗತಿ ಅಷ್ಟೇ.

ಇದರಿಂದ ತಾವು ತಿಳಿದುಕೊಳ್ಳಬೇಕಾದದ್ದೇನೆಂದರೆ, ಬೆಳೆ ಸಣ್ಣದಿದ್ದಾಗ ಅಳೆದ ಅಂಕಿಗೆ ಹತ್ತು ಹದಿನೈದರ ಮುರಿತ ಹಿಡಿದೇ ಆಂಟೆನಾದ ಯೋಜನೆ ಮಾಡಬೇಕು. ಕಬ್ಬು ಪೂರ್ತಿ ಎದ್ದ ಮೇಲೆ ಇನ್ನೊಮ್ಮೆ ಅಳೆಯಬೇಕು.

ಆಂಟೆನಾ

ಪೆಟ್ಟಿಗೆ ಕಬ್ಬಿಣದ್ದು, ಅದನ್ನು ಇಟ್ಟ ಪಂಪುಮನೆಯ ತಗಡೂ ಕಬ್ಬಿಣದ್ದು. ಕಬ್ಬಿಣದ ಒಳಗೆ ಅಲೆ ಹೋಗುವುದಿಲ್ಲ. ಆದ್ದರಿಂದ ಆಂಟೆನಾವನ್ನು ಪೆಟ್ಟಿಗೆಯ ಒಳಗೆ ಮಡಚಿಡುವುದು, ಕಳುವಾದೀತೆಂದು ತಗಡಿನ ಕೆಳಗೆ ಬಚ್ಚಿಡುವುದು ಎರಡೂ ಒಂದೇ. ಆಂಟೆನಾ ಹೊರಗೆ, ಬೆಳೆಯ ನೆತ್ತಿಗಿಂತ ಮೇಲೆ, ನೆಟ್ಟಗೆ ನಿಂತಿರಬೇಕು. ನೆಟ್ಟಗಿನ ಕಡ್ಡಿಯೇ ಹೊಂದಿಕೆ; ಅಡ್ಡ ಮಲಗಿಸಿದರೆ ನಷ್ಟ. ಅಯಸ್ಕಾಂತದ ತಳ ಇರುವ ಆಂಟೆನಾವನ್ನು ಸಪಾಟು ತಗಡಿನ ಮೇಲೆ ಕೂಡಿಸಬೇಕು. ಅದರ ಕೆಳಗಿನ ಲೋಹವು ಆಂಟೆನಾದ ಇನ್ನೊಂದು ಅರ್ಧದಂತೆ ಕೆಲಸ ಮಾಡುತ್ತದೆ. ಅದನ್ನು ಗಳದ ತುದಿಗೆ ಬರಿದೇ ಕಟ್ಟಿದವರು ಅರ್ಧ ಆಂಟೆನಾ ಕಟ್ಟಿದಂತಾಯಿತು; ಅಂಗೈ ಅಗಲದ ತಗಡಿನ ತುಂಡನ್ನು ಕೆಳಗೆ ಹೊಡೆದು ಅದರ ಮೇಲೆ ಕೂಡಿಸಿದರೆ ಸರಿಹೋಗುತ್ತದೆ.

ಎತ್ತರ ಒಳ್ಳೆಯದೆಂದು ಹೇಳಿದಾಗ ಕೆಲವರು ಹತ್ತು ಮೀಟರು ಕೇಬಲ್ಲು ತಂದು ಮರದ ತುದಿಗೆ ಏರಿಸಿದ್ದನ್ನು ನೋಡಿದ್ದೇನೆ. ಆಂಟೆನಾದ ಸಂಗಡ ಬರುವ ತೆಳು ಕೇಬಲ್ಲು 900 ಮೆಗಾಹರ್ಟ್ಸಿನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬಲ್ಲನ್ನು ತಿನ್ನುತ್ತದೆ, 1800ರಲ್ಲಿ ಇನ್ನೂ ಹೆಚ್ಚು. ಹತ್ತು ಮೀಟರಿಗೆ ಹತ್ತು ಡೆಸಿಬಲ್. ಮೇಲೆ ಹಿಡಿದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ದಾರಿಯಲ್ಲಿಯೇ ಹೋಯಿತು. ಸೋರುವ ಕಾಲುವೆಯಲ್ಲಿ ದೂರದ ಹೊಲಕ್ಕೆ ನೀರು ಒಯ್ದಂತೆ. ಮೂರು ನಾಲ್ಕು ಮೀಟರಿನೊಳಗೆ ಮುಗಿಸಿರಿ. ಹೆಚ್ಚು ಬೇಕಾದರೆ ದಪ್ಪ ಕೇಬಲ್ಲು ಕೊಳ್ಳಿರಿ. ಕೇಬಲ್ಲು ಪೆಟ್ಟಿಗೆಯೊಳಗೆ ಹೋಗುವ ಮೊದಲು ಒಂದು ಬಾಗು ಕೆಳಗೆ ಜೋತಿರಲಿ, ಮಳೆಯ ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ. ಜೋಡಣೆಯ ಮೇಲೆ ರಬ್ಬರಿನ ಟೇಪು ಸುತ್ತಿರಿ. ಒಳಗೆ ನೀರು ಹೊಕ್ಕ ಜೋಡಣೆ ಮುಂದಿನ ಮಳೆಗಾಲವನ್ನು ಕಾಣುವುದಿಲ್ಲ.

ಇಲ್ಲಿ ಜೀವದ ಮಾತು ಒಂದಿದೆ. ಆಂಟೆನಾದ ಗಳವನ್ನು ವಿದ್ಯುತ್ ಕಂಬಕ್ಕೆ, ಡಿ.ಪಿ.ಯ ಕಟ್ಟೆಗೆ ಎಂದೂ ಕಟ್ಟಬೇಡಿರಿ. ಮೇಲೆ 11 ಸಾವಿರ ವೋಲ್ಟಿನ ತಂತಿ ಹಾಯ್ದಿರುವಲ್ಲಿ ಕಬ್ಬಿಣದ ಪೈಪನ್ನು ಎತ್ತಿ ನಿಲ್ಲಿಸಲು ಹೋಗಬೇಡಿರಿ. ಪೈಪು ವಾಲಿ ತಂತಿಗೆ ಮುಟ್ಟಿದರೆ ಹಿಡಿದವನು ಉಳಿಯುವುದಿಲ್ಲ. ಒಣ ಬಿದಿರಿನ ಗಳ ಉಪಯೋಗಿಸಿರಿ, ತಂತಿಯಿಂದ ಗಳದ ಎತ್ತರದ ಎರಡರಷ್ಟು ದೂರ ಇರಿ. ಬಿದಿರೂ ತೊಯ್ದರೆ ವಿದ್ಯುತ್ತನ್ನು ಒಯ್ಯುತ್ತದೆ ಎಂಬುದನ್ನು ಮರೆಯಬೇಡಿರಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಿಂಚಿನ ಮಳೆ ಬರುವಾಗ ಆಂಟೆನಾ ಸುತ್ತಲಿನ ಮರಗಳಿಗಿಂತ ಎತ್ತರ ಇರದಿದ್ದರೆ ಕ್ಷೇಮ.

ಎರಡು ರಾಜ್ಯದ ಟಾವರು

ಇದು ನಮ್ಮ ಗಡಿಭಾಗದವರಿಗೇ ಇರುವ ವಿಶೇಷ ತ್ರಾಸು. ದೂರಸಂಪರ್ಕದ ಲೆಕ್ಕದಲ್ಲಿ ದೇಶವನ್ನು 22 ಸೇವಾ ಕ್ಷೇತ್ರಗಳಾಗಿ ಹಂಚಿದ್ದಾರೆ. ಮುಂಬಯಿ ಬಿಟ್ಟು ಮಿಕ್ಕ ಮಹಾರಾಷ್ಟ್ರ, ಗೋವಾ ಕೂಡಿ ಒಂದು, ಕರ್ನಾಟಕ ಇನ್ನೊಂದು. ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳ ಭೀಮೆಯ ದಂಡೆಯಲ್ಲಿ ನಿಂತರೆ ಆಚೆ ದಂಡೆ ಕರ್ನಾಟಕದ್ದು. ನದಿಯ ಮೇಲೆ ಗಿಡವಿಲ್ಲ, ಗೋಡೆಯಿಲ್ಲ. ಅಲೆಗೆ ತಡೆಯೇ ಇಲ್ಲದ್ದರಿಂದ ಆಚೆಯ ಟಾವರು ಈಚೆಯ ಊರಿನ ಟಾವರಿಗಿಂತ ಜೋರಾಗಿ ಕೇಳಿಸುವುದುಂಟು. ಜತ್ತ ತಾಲೂಕಿನ ಪೂರ್ವ, ದಕ್ಷಿಣದ ಹಳ್ಳಿಗಳಲ್ಲಿಯೂ ಇದೇ ಸ್ಥಿತಿ. ನಮ್ಮ ಮಾತು ಎರಡೂ ದಂಡೆಯಲ್ಲಿ ಒಂದೇ, ಆದರೆ ಸಿಮ್ಮಿಗೆ ಅದು ತಿಳಿಯದು.

ಕೈಯಲ್ಲಿರುವ ಫೋನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. 2017ರಿಂದೀಚೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕ ಬಿಟ್ಟಿವೆ. ಪೆಟ್ಟಿಗೆಯದು ಬೇರೆ. ಆಚೆಯ ಟಾವರಿಗೆ ಹೋಗಿ ಕುಳಿತ ಸಿಮ್ ತನ್ನ ಮನೆಯ ಜಾಲವನ್ನು ಆಗಾಗ ಹುಡುಕುತ್ತದೆ, ಸಿಕ್ಕರೆ ಇತ್ತ ಬರುತ್ತದೆ, ಅದು ಬಡವಾದೊಡನೆ ಅತ್ತ ಓಡುತ್ತದೆ. ಓಡಾಟದ ನಡುವೆ ತಾವು ಕರೆ ಮಾಡಿದರೆ “ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎಂಬ ಉತ್ತರ. ಇಂಟರ್ನೆಟ್ಟಿನ ಮೇಲೆ ನಡೆಯುವ 4ಜಿ ಪೆಟ್ಟಿಗೆಯಾದರೆ, ಅದರಲ್ಲಿ ಡಾಟಾ ರೋಮಿಂಗ್ ಮುಚ್ಚಿದ್ದರೆ, ಆಚೆಯ ಟಾವರು ಹಿಡಿದಾಗ ಸಿಗ್ನಲ್ ಪೂರ್ತಿ ಇದ್ದರೂ ಪೆಟ್ಟಿಗೆ ಮೂಕ.

ಉಪಾಯ ಎರಡು. ಪೆಟ್ಟಿಗೆಯ ಹೊಂದಾಣಿಕೆಯಲ್ಲಿ ರೋಮಿಂಗ್ ತೆರೆದಿಡಿರಿ. ಅದಕ್ಕಿಂತ ಒಳ್ಳೆಯದು, ಒಂದು ವಾರ ಎರಡೂ ಕಡೆಯ ಸಿಗ್ನಲ್ ಅಳೆದು, ಯಾವುದು ಸ್ಥಿರವಿದೆಯೋ ಆ ಜಾಲವನ್ನೇ ಕೈಯಿಂದ ಆರಿಸಿ ಅದಕ್ಕೆ ಕಟ್ಟಿಹಾಕುವುದು. ಈ ಸೌಲಭ್ಯ ಎಲ್ಲ ಪೆಟ್ಟಿಗೆಗಳಲ್ಲಿ ಇಲ್ಲ; ಕೊಳ್ಳುವ ಮೊದಲು ಕೇಳಿರಿ. ಇಲ್ಲದಿದ್ದರೆ ಒಂದೇ ದಿಕ್ಕಿಗೆ ಮುಖ ಮಾಡುವ ಯಾಗಿ ಆಂಟೆನಾ ಹಾಕಿ ತಮ್ಮ ಟಾವರಿನ ಕಡೆ ತಿರುಗಿಸಿರಿ. ಅದು ಮುಂದಿನದನ್ನು ಹೆಚ್ಚಾಗಿ, ಬೆನ್ನ ಹಿಂದಿನದನ್ನು ಕಡಿಮೆಯಾಗಿ ಕೇಳಿಸಿಕೊಳ್ಳುತ್ತದೆ.

ಸಿಮ್ ಆರಿಸುವಾಗ ಇನ್ನೊಂದು ಮಾತು. ಜಿಯೋ ಕಂಪನಿಯದು 2016ರಲ್ಲಿ ಆರಂಭವಾದಾಗಿನಿಂದ 4ಜಿ ಜಾಲ, ಅದಕ್ಕೆ 2ಜಿ ಇಲ್ಲವೇ ಇಲ್ಲ. 2ಜಿ ಮಾತ್ರ ಬಲ್ಲ ಪೆಟ್ಟಿಗೆಗೆ ಆ ಸಿಮ್ ಹಾಕಿದರೆ ಆಂಟೆನಾವನ್ನು ಗುಡ್ಡದ ಮೇಲಿಟ್ಟರೂ ನಡೆಯದು. ಹೊಸದಾಗಿ ಕೊಳ್ಳುವವರು 4ಜಿ, 2ಜಿ ಎರಡೂ ಬಲ್ಲ ಪೆಟ್ಟಿಗೆಯನ್ನೇ ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಉತ್ತಮ, ನಾಲ್ಕು ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಬಡ ಸಿಗ್ನಲ್ ಇದ್ದಲ್ಲಿ ಬೂಸ್ಟರು ಎಂಬ ಯಂತ್ರ ಹಾಕಿಕೊಳ್ಳಿರಿ ಎಂದು ಹೇಳುವವರೂ ಇದ್ದಾರೆ. ಹಾಕಬೇಡಿರಿ. ಸರಕಾರದ ಪರವಾನಿಗೆಯಿಲ್ಲದೆ ಇಂಥ ರೇಡಿಯೋ ಯಂತ್ರ ಇಟ್ಟುಕೊಳ್ಳುವುದು 1933ರ ವಾಯರ್‌ಲೆಸ್ ಕಾಯಿದೆಯ ಕಾಲದಿಂದಲೂ ಗುನ್ಹೆ, 2023ರ ದೂರಸಂಪರ್ಕ ಕಾಯಿದೆಯಲ್ಲಿಯೂ ಅದಕ್ಕೆ ಮಾಫಿ ಇಲ್ಲ. ಕಾಯಿದೆ ಬದಿಗಿರಲಿ, ಅದು ತಮ್ಮ ಪೆಟ್ಟಿಗೆಯ ದನಿಯ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡಿ ಟಾವರಿನ ಕಿವಿಗೆ ತುಂಬುತ್ತದೆ. ಒಬ್ಬರ ಮೋಟಾರು ನಡೆದು ಊರಿನವರೆಲ್ಲರ ಫೋನು ಕೆಡುತ್ತದೆ.

ಸಿಗ್ನಲ್ ಇಲ್ಲದಾಗಲೂ ನಡೆಯಬೇಕಾದ ಕೆಲಸ

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮಾಡಿದರೂ ಒಂದು ದಿನ ಸಿಗ್ನಲ್ ಇಲ್ಲದೇ ಹೋಗುತ್ತದೆ. ಆ ದಿನ ಮೋಟಾರು ಚಾಲೂ ಆಗದಿದ್ದರೆ ಒಂದು ಪಾಳಿಯ ನೀರು ಹೋಯಿತು, ಅಷ್ಟೇ. ಚಾಲೂ ಇದ್ದ ಮೋಟಾರು ಬಂದ್ ಆಗದಿದ್ದರೆ? ಬಾವಿ ಬರಿದಾಗಿ ಮೋಟಾರು ಸುಡುತ್ತದೆ, ಇಲ್ಲವೇ ಕರಿನೆಲದಲ್ಲಿ ರಾತ್ರಿಯಿಡೀ ನೀರು ನಿಂತು ಕಬ್ಬಿನ ಬೇರು ಉಸಿರುಕಟ್ಟುತ್ತದೆ. ಚಾಲೂ ಮಾಡುವ ಕೆಲಸವನ್ನು ಫೋನಿಗೆ ಬಿಟ್ಟರೆ ಅಡ್ಡಿಯಿಲ್ಲ. ನಿಲ್ಲಿಸುವ ಕೆಲಸವನ್ನು ಫೋನಿನ ಮೇಲೆ ಬಿಡಬಾರದು. ಪೆಟ್ಟಿಗೆಯೇ ಸ್ವಂತ ಬುದ್ಧಿಯಿಂದ ನಿಲ್ಲಿಸುವಂತೆ ಹೊಂದಿಸಿಡಬೇಕು. ಇದಕ್ಕೆ ಬೇಕಾದ ಹೊಂದಾಣಿಕೆಗಳು ಬಹುತೇಕ ಪೆಟ್ಟಿಗೆಗಳಲ್ಲಿ ಇವೆ. ಆದರೆ ಕೂಡಿಸಿದವರು ಕಾರಖಾನೆಯಿಂದ ಬಂದ ಅಂಕಿಗಳನ್ನೇ ಹಾಗೆಯೇ ಬಿಟ್ಟು ಹೋಗಿರುತ್ತಾರೆ.

ಮೊದಲನೆಯದು ಸಮಯ. ಆ ತುಣುಕಿಗೆ ನೀರು ಮುಗಿಯಲು ಮೂರು ಗಂಟೆ ಬೇಕಾದರೆ ಮೂರೂ ಕಾಲು ಗಂಟೆಗೆ ತಾನಾಗಿ ನಿಲ್ಲುವಂತೆ ಇಡಿರಿ.

ಎರಡನೆಯದು ನೀರಿಲ್ಲದೆ ಓಡುವುದನ್ನು ತಡೆಯುವ ಕರಂಟಿನ ಗೆರೆ. ಇದನ್ನು ಪುಸ್ತಿಕೆ ನೋಡಿ ಹಾಕಬಾರದು, ತಮ್ಮ ಬಾವಿಯ ಮೇಲೆಯೇ ಅಳೆಯಬೇಕು. ಪೈಪಿನಲ್ಲಿ ನೀರು ತುಂಬಿ ಬರುವಾಗ ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತದೆಂದು ಬರೆದುಕೊಳ್ಳಿರಿ. ನೀರು ಕಡಿದು ಗಾಳಿ ಬರತೊಡಗಿದಾಗ ಎಷ್ಟಕ್ಕೆ ಇಳಿಯುತ್ತದೆಂದು ನೋಡಿ ಕೂಡಲೇ ನಿಲ್ಲಿಸಿರಿ. 8 ಇದ್ದದ್ದು 5ಕ್ಕೆ ಇಳಿದರೆ ನಡುವಿನ ಆರೂವರೆಗೆ ಗೆರೆ ಹಾಕಿರಿ. ಮೇಲಿನ ಗೆರೆಯನ್ನು, ಅಂದರೆ ಅತಿಭಾರದ್ದನ್ನು, ಸುಮಾರು ಒಂಬತ್ತೂವರೆಗೆ ಇಡಬಹುದು. ಆದರೆ ಮೋಟಾರಿನ ಫಲಕದ ಮೇಲೆ ಬರೆದ ಅಂಕಿಯನ್ನು ಬಹಳ ಮೀರಬಾರದು. ವೋಲ್ಟೇಜು ಕಡಿಮೆ ಇದ್ದ ರಾತ್ರಿ ಮೋಟಾರು ಹೆಚ್ಚು ಕರಂಟು ಎಳೆದು ಪದೇ ಪದೇ ನಿಲ್ಲುತ್ತದೆಂದು ಈ ಗೆರೆಯನ್ನು 15ಕ್ಕೆ ಏರಿಸಿಟ್ಟವರು ಇದ್ದಾರೆ. ಅಂಥವರ ಮೋಟಾರು ರಿವೈಂಡಿಂಗ್ ಅಂಗಡಿಯ ದಾರಿ ಹಿಡಿಯುತ್ತದೆ. ಒಂದು ಫೇಜು ಹೋದರೆ ನಿಲ್ಲಿಸುವ ಹೊಂದಾಣಿಕೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿರಿ.

ಮೂರನೆಯದು, ವಿದ್ಯುತ್ತು ಹೋಗಿ ಬಂದಾಗ ಏನು ಮಾಡಬೇಕೆಂಬುದು. ತಾನಾಗಿ ಚಾಲೂ ಆಗಲಿ ಎಂದು ಇಟ್ಟವರು ವಿಳಂಬದ ಸಮಯವನ್ನು ಹಾಕಲೇಬೇಕು. ಲೆಕ್ಕ ನೋಡಿರಿ. 63 ಕೆ.ವಿ.ಎ. ಡಿ.ಪಿ.ಯ ಸಾಮರ್ಥ್ಯ ಫೇಜಿಗೆ ಸುಮಾರು 84 ಆಂಪಿಯರ್. ಅದರ ಮೇಲೆ ಎಂಟು ಆಂಪಿಯರಿನ ಹತ್ತು ಮೋಟಾರುಗಳು ಓಡಬಹುದು, 80 ಆಯಿತು. ಆದರೆ ನೇರ ಸ್ಟಾರ್ಟರಿನ ಮೋಟಾರು ಏಳುವ ಕ್ಷಣದಲ್ಲಿ ಸುಮಾರು ಆರರಷ್ಟು ಎಳೆಯುತ್ತದೆ. ವಿದ್ಯುತ್ತು ಬಂದೊಡನೆ ಹತ್ತೂ ಒಟ್ಟಿಗೆ ಎದ್ದರೆ 480. ಫ್ಯೂಜು ಹಾರುತ್ತದೆ, ಹಾರದಿದ್ದರೆ ವೋಲ್ಟೇಜು ಬಿದ್ದು ಯಾವ ಮೋಟಾರೂ ಏಳದೆ ಗುಂಯ್ ಎನ್ನುತ್ತ ಬಿಸಿಯಾಗುತ್ತವೆ. ಒಂದು ಡಿ.ಪಿ.ಯ ಮೇಲಿನ ಸಭಾಸದರು ಒಂದು ಸಂಜೆ ಕೂಡಿ ಕುಳಿತು, ಒಬ್ಬರಿಗೆ ಒಂದು ನಿಮಿಷ, ಮುಂದಿನವರಿಗೆ ಎರಡು, ಹೀಗೆ ಹಂಚಿಕೊಂಡರೆ ಹತ್ತು ನಿಮಿಷದಲ್ಲಿ ಎಲ್ಲರದೂ ನಡೆಯುತ್ತದೆ. ಮೊದಲನೆಯ ನಿಮಿಷ ಯಾರಿಗೆ ಎಂಬ ಜಗಳ ಬಂದರೆ ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳಿರಿ.

ಬಡ ಸಿಗ್ನಲ್ಲಿಗೂ ಬ್ಯಾಟರಿಗೂ ಒಂದು ಸಂಬಂಧ ಇದೆ. ಟಾವರು ದೂರವಾದಷ್ಟೂ 2ಜಿ ಪೆಟ್ಟಿಗೆ ಪೂರ್ತಿ ದನಿಯಲ್ಲಿ ಕೂಗಬೇಕಾಗುತ್ತದೆ. ಆಗ ಅದು ಕ್ಷಣಕ್ಷಣಕ್ಕೆ ಎರಡು ಆಂಪಿಯರಿನವರೆಗೆ ಎಳೆಯುತ್ತದೆ. ಹಳೆಯ ಬ್ಯಾಟರಿ ಇದನ್ನು ತಾಳದೆ ಕುಸಿದು ಪೆಟ್ಟಿಗೆ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತದೆ. ಕರೆ ಬಂದಾಗ ಮಾತ್ರ ಆರಿ ಹತ್ತುವ ಪೆಟ್ಟಿಗೆ ಕಂಡರೆ ಸಿಮ್ಮನ್ನು ಬಯ್ಯುವ ಮೊದಲು ಬ್ಯಾಟರಿ ಬದಲಾಯಿಸಿರಿ.

ಇನ್ನು, ದೂರದಿಂದ ಚಾಲೂ ಆಗುವ ಮೋಟಾರಿನ ಹತ್ತಿರ ಕೆಲಸ ಮಾಡುವವರ ಮಾತು. ಬಾವಿಯಲ್ಲಿ ಇಳಿಯುವ ಮೊದಲು, ಸ್ಟಾರ್ಟರಿನ ಬಾಗಿಲು ತೆಗೆಯುವ ಮೊದಲು ಮೇನ್ ಸ್ವಿಚ್ಚು ಇಳಿಸಿ ಮೂರೂ ಫ್ಯೂಜುಗಳನ್ನು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಫೋನಿನಿಂದ ಬಂದ್ ಮಾಡಿದ್ದೇನೆ ಎಂಬುದು ಸಾಲದು. ಮನೆಯಲ್ಲಿ ಮಗ ತಿಳಿಯದೆ ಕರೆ ಮಾಡಬಹುದು, ವಿಳಂಬದ ಸಮಯ ಮುಗಿದು ಅದೇ ಎದ್ದೀತು. ಪೆಟ್ಟಿಗೆಯಲ್ಲಿ ಬರೆದಿಟ್ಟ ನಂಬರುಗಳನ್ನು ವರ್ಷಕ್ಕೊಮ್ಮೆ ನೋಡಿ, ಬಿಟ್ಟು ಹೋದ ಆಳುಗಳ ನಂಬರು ತೆಗೆದುಹಾಕಿರಿ. 1234 ಎಂದಿರುವ ಗುಪ್ತ ಅಂಕಿಯನ್ನು ಕೊಂಡ ದಿನವೇ ಬದಲಾಯಿಸಿರಿ.

ಕೊನೆಗೆ ರೀಚಾರ್ಜು. ಸಿಮ್ಮಿನ ಅವಧಿ ಮುಗಿಯುತ್ತದೆ ಎಂಬ ಸಂದೇಶ ಬಾವಿಯ ಮೇಲಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಕರೆ, ಎಸ್ಸೆಮ್ಮೆಸ್ಸಿನ ಮೇಲೆ ನಡೆಯುವ ಪೆಟ್ಟಿಗೆಗೆ ಇಂಟರ್ನೆಟ್ಟು ಬೇಡ. ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರವೇ ಪ್ರತ್ಯೇಕ ಪ್ಯಾಕು ಕೊಡಬೇಕೆಂದು ಟ್ರಾಯ್ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಗಡಿಯಲ್ಲಿ ಅದನ್ನೇ ಕೇಳಿರಿ, ದೊಡ್ಡ ಅವಧಿಯದನ್ನು ಹಾಕಿಸಿರಿ. ಮುಗಿಯುವ ತಾರೀಖನ್ನು ಪೆಟ್ಟಿಗೆಯ ಬಾಗಿಲ ಒಳಮೈಯಲ್ಲಿ ಬಣ್ಣದಿಂದ ಬರೆಯಿರಿ, ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿಯೂ ಗುರುತು ಹಾಕಿರಿ.